ಅಗ್ಗದ ಲ್ಯಾಪ್‌ಟಾಪ್ ಮನೆಗೆ ಸಾಕಾದೀತೇ?



ಈ ಸಲದ ಟಪಾಲಿನಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಿಂದ ಒಂದು ಕಾಗದ ಬಂದಿದೆ. ನಾಲ್ಕು ಹಾಳೆ, ಎರಡೂ ಮಗ್ಗುಲು ತುಂಬ ಬರೆದಿದ್ದಾರೆ. ಮಗಳು ಹುಣಸೂರಿನಲ್ಲಿ ಮೊದಲ ವರ್ಷದ ಬಿ.ಕಾಂ., ಮಗ ಒಂಬತ್ತನೇ ತರಗತಿ. ಎರಡು ವರ್ಷ ಕಟ್ಟಿದ ಚೀಟಿ ಎತ್ತಿ 40,000 ರೂಪಾಯಿ ಕೈಗೆ ಬಂದಿದೆ. ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಬೇಕೆಂದು ಈ ತಾಯಿಯ ಆಸೆ. ಮುಂದಿನದು ಅವರ ಮಾತಿನಲ್ಲೇ ಕೇಳಿ:

"ಅಕ್ಕಾ, ನಮ್ಮೆಜಮಾನ್ರು 22,000ಕ್ಕೆ ಹೊಸದೇ ಸಿಗ್ತದೆ, ಮಿಕ್ಕಿದ ದುಡ್ಡು ಬ್ಯಾರನ್ ರಿಪೇರಿಗೆ ಆಗ್ತದೆ ಅಂತಾರೆ. ಮಗ ಮಾತ್ರ ಗೇಮಿಂಗ್ ಲ್ಯಾಪ್‌ಟಾಪೇ ಬೇಕು, 65,000 ಆದರೂ ಸರಿ, ಕಂತಿನಲ್ಲಿ ಕಟ್ಟಿ ಅಂತಾನೆ. ನಮ್ಮತ್ತೆ, ಮದುವೆ ಆಗಿ ಹೋಗೋಳಿಗೆ ಅದೆಲ್ಲ ಯಾಕೆ, ಮೊಬೈಲ್ ಸಾಲದಾ ಅಂತಾರೆ. ನಾನು ಏನು ಮಾಡಲಿ?"

ತಂಗೀ, ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. 22,000ದ್ದು ಬೇಡ, 65,000ದ್ದೂ ಬೇಡ. ನೀವು ಎತ್ತಿಟ್ಟ ಹಣದ ಆಸುಪಾಸಿನಲ್ಲೇ ಮಗಳ ಓದಿಗೂ ಮಗನ ಸಣ್ಣಪುಟ್ಟ ಆಟಕ್ಕೂ ಆಗುವಂಥದ್ದು ಸಿಗುತ್ತದೆ. ಆದರೆ ಕೊಳ್ಳುವಾಗ ಹೊರಗಿನ ಬಣ್ಣ ನೋಡದೆ ಒಳಗಿನದನ್ನು ಕೇಳಿ ಕೊಳ್ಳಬೇಕು. ಹೊಗೆಸೊಪ್ಪಿನ ಬೇಲಿನಲ್ಲಿ ಮೇಲಿನ ಎಲೆ ನೋಡಿ ಮರುಳಾಗಬಾರದೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ನಾನು ಮೋಸಹೋದ ಕಥೆ ಕೇಳಿ. 2021ರಲ್ಲಿ ಮಕ್ಕಳ ಪಾಠವೆಲ್ಲ ಮನೆಯಲ್ಲೇ ನಡೆಯುತ್ತಿದ್ದಾಗ ನಮ್ಮ ಮನೆಗೊಂದು ಲ್ಯಾಪ್‌ಟಾಪ್ ತಂದೆವು. ನೋಡಲು ತೆಳ್ಳಗೆ, ಬೆಳ್ಳಗೆ, ಮದುವೆ ಹೆಣ್ಣಿನಂತಿತ್ತು. ಬೆಲೆಯೂ ಅಗ್ಗ. ಒಳಗಿದ್ದದ್ದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಹತ್ತು ತಿಂಗಳಲ್ಲಿ ಅದು ಎಷ್ಟು ನಿಧಾನವಾಯಿತೆಂದರೆ ಗುಂಡಿ ಒತ್ತಿ ಹಾಲು ಕಾಯಿಸಿಕೊಂಡು ಬಂದರೂ ಪರದೆ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ಕೊನೆಗೊಂದು ದಿನ, ಜಾಗವಿಲ್ಲ, ಅಪ್‌ಡೇಟ್ ಆಗುವುದಿಲ್ಲ ಎಂದು ಹಟ ಹಿಡಿದು ಕೂತಿತು. ರ‍್ಯಾಮ್ ಹೆಚ್ಚಿಸಿಕೊಡಿ ಎಂದು ರಿಪೇರಿಯವರ ಹತ್ತಿರ ಹೊತ್ತುಕೊಂಡು ಹೋದರೆ, "ಅಮ್ಮಾ, ಇದು ಬೆಸುಗೆ ಹಾಕಿ ಕೂರಿಸಿದ್ದು, ಬಿಚ್ಚಕ್ಕಾಗಲ್ಲ" ಎಂದು ತಿರುಗಿ ನನ್ನ ಕೈಗೇ ಕೊಟ್ಟರು. ಈಗ ಅದು ಬೀರುವಿನ ಮೇಲೆ ಮಲಗಿದೆ.

ಈ ರ‍್ಯಾಮ್ ಅಂದರೇನು? ನಿಮ್ಮ ಅಡುಗೆ ಕಟ್ಟೆ ಎಂದು ತಿಳಿಯಿರಿ. ಡಿಸ್ಕ್ ಅಂದರೆ ಉಗ್ರಾಣ. ಉಗ್ರಾಣ ಎಷ್ಟೇ ದೊಡ್ಡದಿದ್ದರೂ ಕಟ್ಟೆ ಒಂದು ಮೊಳವಾದರೆ ಹೆಚ್ಚುವ ಮಣೆ ಇಟ್ಟಾಗ ಒಗ್ಗರಣೆ ಸಾಮಾನು ಕೆಳಗಿಡಬೇಕು, ಮತ್ತೆ ಎತ್ತಬೇಕು. ಕಂಪ್ಯೂಟರೂ ಹಾಗೇ. ವಿಂಡೋಸ್ 11 ನಡೆಯಲು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕೆಂದು ಮೈಕ್ರೋಸಾಫ್ಟ್ ಕಂಪನಿಯೇ ಹೇಳಿದೆ. ಕನಿಷ್ಠ ಅಂದರೆ ಒಲೆ ಹತ್ತಿಸುವುದಕ್ಕೆ ಸಾಕು, ಅಡುಗೆ ಮಾಡುವುದಕ್ಕಲ್ಲ. ಮಗಳು ಒಂದು ಕಡೆ ಪಾಠದ ವಿಡಿಯೋ, ಇನ್ನೊಂದು ಕಡೆ ಎಕ್ಸೆಲ್ ಹಾಳೆ, ಜೊತೆಗೆ ಸ್ಕಾಲರ್‌ಶಿಪ್ ಅರ್ಜಿಯ ಪುಟ ತೆರೆದಳೆಂದರೆ 4 ಜಿಬಿ ಏದುಸಿರು ಬಿಡುತ್ತದೆ. ಆದ್ದರಿಂದ 8 ಜಿಬಿಗೆ ಕಡಿಮೆ ಬೇಡವೇ ಬೇಡ. ಮುಂದೆ ಇನ್ನೊಂದು ರ‍್ಯಾಮ್ ಸೇರಿಸಲು ಒಳಗೆ ಖಾಲಿ ಜಾಗವಿದೆಯೇ ಎಂದೂ ಕೇಳಿ. ಇದ್ದರೆ ಅದೇ ಮೇಲು.

ಇನ್ನು ಉಗ್ರಾಣ. ಇದರಲ್ಲಿ ಮೂರು ಬಗೆ. ಒಳಗೆ ತಿರುಗುವ ಹಳೇ ಹಾರ್ಡ್ ಡಿಸ್ಕ್, ನನಗೆ ಕೈಕೊಟ್ಟ 64 ಜಿಬಿಯ ಇಎಂಎಂಸಿ, ಮತ್ತು ಎಸ್‌ಎಸ್‌ಡಿ. ನಿಮಗೆ ಬೇಕಾದ್ದು ಎಸ್‌ಎಸ್‌ಡಿ, ಅದೂ 512 ಜಿಬಿಯದು. ತೀರಾ ಹಣ ಸಾಲದಿದ್ದರೆ 256. "1000 ಜಿಬಿ ಇದೆ ಮೇಡಂ" ಎಂದು ಹಳೇ ಹಾರ್ಡ್ ಡಿಸ್ಕಿನದನ್ನು ತೋರಿಸಿದರೆ ಕೈಮುಗಿದು ಮುಂದಿನದನ್ನು ನೋಡಿ.

ಪ್ರೊಸೆಸರ್ ಎಂಬುದೊಂದಿದೆ, ಅದು ಅಡುಗೆಯವಳು. 22,000ದ್ದರಲ್ಲಿ ಸಾಮಾನ್ಯವಾಗಿ ಸೆಲೆರಾನ್ ಜಾತಿಯದು ಇರುತ್ತದೆ. ಸೆಲೆರಾನ್ ಎನ್4020 ಎಂಬುದಕ್ಕೆ ಎರಡೇ ಕೋರ್, ಅಂದರೆ ಎರಡೇ ಕೈ. ಇಂಟೆಲ್ ಐ3-1215ಯು ಎಂಬುದಕ್ಕೆ ಆರು. ಎಎಂಡಿ ಕಂಪನಿಯ ರೈಜನ್ 3 7320ಯು ಎಂಬುದಕ್ಕೆ ನಾಲ್ಕು. ಇದೂ ಮನೆಬಳಕೆಗೆ ಆಗುತ್ತದೆ, ಆದರೆ ಇದರ ಜೊತೆಗಿನ ರ‍್ಯಾಮ್ ಬೆಸುಗೆಯದ್ದೇ, ಆದ್ದರಿಂದ ಮೊದಲೇ 8 ಜಿಬಿ ಇದ್ದದ್ದನ್ನೇ ಕೊಳ್ಳಬೇಕು. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬರೇ "ಐ3" ಎಂದರೆ ಸಾಲದು, ಮುಂದಿನ ಅಂಕಿಯನ್ನೂ ಕೇಳಿ. ಹತ್ತು ವರ್ಷದ ಹಿಂದಿನದೂ ಐ3ಯೇ!

ಈಗ ಮಗನ ವಿಚಾರ. ಹುಡುಗರಿಗೆ ಆಟ ಬೇಕು, ಬೈದು ಪ್ರಯೋಜನವಿಲ್ಲ. ಆದರೆ ಅವನಿಗೆ ಸತ್ಯ ಹೇಳಿ. ಆಟಕ್ಕೆಂದೇ ಮಾಡಿದ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸಲು ಬೇರೆ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ, ದುಬಾರಿಯಾಗುವುದು ಅದಕ್ಕೇ. ನಾವು ಕೊಳ್ಳುವ ಮಾಮೂಲಿನದರಲ್ಲಿ ಅದಿಲ್ಲ. ಪ್ರೊಸೆಸರೇ ರ‍್ಯಾಮಿನಿಂದ ಒಂದಿಷ್ಟು ಕಡ ತೆಗೆದುಕೊಂಡು ಆ ಕೆಲಸ ಮಾಡುತ್ತದೆ. ಹೀಗಾಗಿ ಚೆಸ್, ಮೈನ್‌ಕ್ರಾಫ್ಟ್, 2005ರ ಸುಮಾರಿನ ಜಿಟಿಎ ಸ್ಯಾನ್ ಆಂಡ್ರಿಯಾಸ್‌ನಂಥ ಹಳೇ ಆಟ, ಚಿತ್ರದ ಸೊಗಸು ತಗ್ಗಿಸಿಕೊಂಡರೆ ವ್ಯಾಲರಂಟ್ — ಇಷ್ಟು ಐ3ಯಲ್ಲಿ ನಡೆಯುತ್ತವೆ. ಹೊಸ ದೊಡ್ಡ ಆಟಗಳು ನಡೆಯುವುದಿಲ್ಲ, ನಡೆದರೂ ಕುಂಟುತ್ತವೆ. ಅವನು ಗೆಳೆಯರ ಜೊತೆ ಆಡುವ ಬಿಜಿಎಂಐ ಮೊಬೈಲಿನ ಆಟ, ಅದಕ್ಕೂ ಲ್ಯಾಪ್‌ಟಾಪಿಗೂ ಸಂಬಂಧವೇ ಇಲ್ಲ.

ಇನ್ನೊಂದು ಲೆಕ್ಕ ಅವನಿಂದಲೇ ಹಾಕಿಸಿ. ಜಿಟಿಎ 5 ಎಂಬ ಆಟ ಇಳಿಸಿಕೊಳ್ಳಲು 70 ಜಿಬಿಗೂ ಮಿಕ್ಕಿ ಡೇಟಾ ಬೇಕು. ನಿಮ್ಮ ಮನೆಯ ಮೊಬೈಲಿಗೆ ದಿನಕ್ಕೆ 2 ಜಿಬಿ ಎಂದಿಟ್ಟುಕೊಳ್ಳಿ. ಬೇರೆ ಯಾರೂ ಏನೂ ನೋಡದೆ, ಅಕ್ಕನ ಪಾಠವನ್ನೂ ನಿಲ್ಲಿಸಿ, 35 ದಿನ ಕಾದರೆ ಆಟ ಬರುತ್ತದೆ. ಅಷ್ಟು ಹೇಳಿದರೆ ಅವನೇ ಚೆಸ್ ಬೋರ್ಡ್ ತೆಗೆದಾನು! 65,000ಕ್ಕೆ ಕಂತು ಕಟ್ಟುವ ಮಾತಂತೂ ಬೇಡ. ಸೊಪ್ಪಿನ ಹರಾಜಿನ ದುಡ್ಡು ವರ್ಷದಲ್ಲಿ ಕೆಲವೇ ತಿಂಗಳು ಬರುತ್ತದೆ, ಕಂತು ಮಾತ್ರ ತಿಂಗಳು ತಿಂಗಳೂ ಬಾಗಿಲಿಗೆ ಬರುತ್ತದೆ.

ಮಗಳು ಬಿ.ಕಾಂ. ಆದ್ದರಿಂದ ಟ್ಯಾಲಿ ಕಲಿಯಲೇಬೇಕು. ಟ್ಯಾಲಿ ನಡೆಯುವುದು ವಿಂಡೋಸಿನಲ್ಲಿ. ಅಗ್ಗಕ್ಕೆ ಸಿಗುತ್ತದೆಂದು ಕ್ರೋಮ್‌ಬುಕ್ ತಂದುಬಿಟ್ಟೀರಿ, ಅದರಲ್ಲಿ ಹಾಕಲು ಬರುವುದಿಲ್ಲ. ಕಲಿಯುವುದಕ್ಕಷ್ಟೇ ಆದರೆ ಟ್ಯಾಲಿಗೆ ಹಣ ಕೊಡಬೇಕಿಲ್ಲ; ವಿದ್ಯಾರ್ಥಿಗಳ ಬಗೆಯಲ್ಲಿ ತೆರೆದರೆ ತಿಂಗಳ ಕೆಲವೇ ತಾರೀಖುಗಳ ಲೆಕ್ಕ ಬರೆಯಬಹುದು, ಅಭ್ಯಾಸಕ್ಕೆ ಅಷ್ಟು ಸಾಕು. ಕಾಗದಪತ್ರ ಟೈಪು ಮಾಡಲು ಲಿಬ್ರೆ ಆಫೀಸ್ ಪುಕ್ಕಟೆ ಸಿಗುತ್ತದೆ. ಕನ್ನಡದ ಕೀಲಿಮಣೆ ವಿಂಡೋಸಿನೊಳಗೇ ಇದೆ. ನಿಮ್ಮ ಸಂಘದ ಲೆಕ್ಕವನ್ನೂ ಅದರಲ್ಲೇ ಬರೆಯಬಹುದಲ್ಲ, ಮಗಳಿಂದ ಹೇಳಿಸಿಕೊಳ್ಳಿ. ನಾನು ಕಲಿತದ್ದು 58ನೇ ವಯಸ್ಸಿನಲ್ಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ ಎಂದು ಕಾಗದದ ಅಂಚಿನಲ್ಲಿ ಕೇಳಿದ್ದೀರಿ. ಕೊಳ್ಳಬಹುದು, ಗುರುತಿನವರಿಂದಾದರೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ವಿಂಡೋಸ್ 11 ನಡೆಯುವಂಥದ್ದೇ ಆಗಬೇಕು; ಇಂಟೆಲ್ ಆದರೆ ಎಂಟನೇ ತಲೆಮಾರಿಗಿಂತ ಹಳೆಯದು ಬೇಡ. ಬ್ಯಾಟರಿ ಸೊರಗಿದ್ದರೆ ಹೊಸದಕ್ಕೆ ಬೇರೆ ದುಡ್ಡು.

ಬೆಲೆಯ ಬಗ್ಗೆ ಒಂದು ಮಾತು. 2025ರ ಕೊನೆಯಿಂದ ಪ್ರಪಂಚದಲ್ಲೆಲ್ಲ ರ‍್ಯಾಮಿನ ಬೆಲೆ ಏರಿದೆ. ಎಐ ಎಂಬುದಕ್ಕಾಗಿ ದೊಡ್ಡ ಕಂಪನಿಗಳು ರ‍್ಯಾಮನ್ನು ಮೊದಲೇ ಬಾಚಿಕೊಳ್ಳುತ್ತಿವೆಯಂತೆ. ಎಲ್ಲೋ ಯಾರೋ ಉಂಡರೆ ನಮ್ಮ ಚೀಟಿ ದುಡ್ಡಿಗೆ ಕತ್ತರಿ! ಹಾಗಾಗಿ ನಾಲ್ಕು ಅಂಗಡಿ ವಿಚಾರಿಸಿ. ಒಂದೆರಡು ಸಾವಿರ ಹೆಚ್ಚು ಕಡಿಮೆಯಾದರೂ 8 ಜಿಬಿಯನ್ನು ಬಿಟ್ಟುಕೊಡಬೇಡಿ. ಉಳಿಸಲೇಬೇಕಾದರೆ ಬ್ಯಾಗು, ವೈರಿಲ್ಲದ ಮೌಸು, ಮೇಲಿಂದ ಮಾರುವ ವಿಮೆ, ಇವುಗಳಲ್ಲಿ ಉಳಿಸಿ.

ಅಂಗಡಿಗೆ ಮಗಳನ್ನು ಕರೆದುಕೊಂಡೇ ಹೋಗಿ. ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವುದಿಲ್ಲವೇ, ಹಾಗೆ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಡಿಸ್ಕ್ ಎಸ್‌ಎಸ್‌ಡಿಯೋ ಅಲ್ಲವೋ ಎಲ್ಲ ಕಾಣುತ್ತದೆ. ಮಾರುವವರ ಬಾಯಿಮಾತು ಬೇಕಿಲ್ಲ. ಒಂದು ವಿಡಿಯೋ ಹಾಕಿ, ಜೊತೆಗೆ ಹತ್ತು ಪುಟ ತೆರೆಸಿ. ಪರದೆಯನ್ನು ಹಿಂದೆ ಮುಂದೆ ಬಾಗಿಸಿ, ಬಣ್ಣ ಮಂಕಾಗುತ್ತದೆಯೇ ನೋಡಿ. ಎಲ್ಲಾ ಗುಂಡಿಗಳನ್ನೂ ಒಮ್ಮೆ ಒತ್ತಿಸಿ.

ಕೆಟ್ಟರೆ ಮನೆಗೇ ಬಂದು ರಿಪೇರಿ ಮಾಡುತ್ತಾರೋ, ನಾವೇ ಹೊತ್ತುಕೊಂಡು ಹೋಗಬೇಕೋ ಎಂಬುದನ್ನು ಮರೆಯದೆ ಕೇಳಿ. ಗುರುಪುರದಿಂದ ಹುಣಸೂರು, ಅಲ್ಲಿಂದ ಮೈಸೂರು ಎಂದು ಬಸ್ಸು ಹತ್ತಿಳಿಯುವವರು ನೀವು, ಅಂಗಡಿಯವರಲ್ಲ.

ಕರೆಂಟಿನ ಚಿಂತೆ ಬೇಡ. ಚಾರ್ಜರ್ 45 ವಾಟಿನದಾದರೆ ದಿನಕ್ಕೆ ನಾಲ್ಕು ಗಂಟೆಯಂತೆ ಬಳಸಿದರೂ ತಿಂಗಳಿಗೆ ಐದೂವರೆ ಯೂನಿಟ್ ದಾಟದು. ಗುಡುಗು ಸಿಡಿಲು ಶುರುವಾದರೆ ಮಾತ್ರ ಪ್ಲಗ್ ಕಿತ್ತುಬಿಡಿ. ಹಾಸಿಗೆ ಮೇಲಿಟ್ಟು ಆಡಲು ಬಿಡಬೇಡಿ, ಕೆಳಗಿನ ಗಾಳಿ ಕಿಂಡಿ ಮುಚ್ಚಿ ಕಾದುಹೋಗುತ್ತದೆ. ಮಣೆಯೋ ಮೇಜೋ ಇರಲಿ.

ಉಳಿದದ್ದು ನಿಮ್ಮತ್ತೆಯವರ ಮಾತು. ಹಿರಿಯರಿಗೆ ಎದುರುತ್ತರ ಕೊಡಿ ಎಂದು ನಾನು ಹೇಳುವುದಿಲ್ಲ. ಆದರೆ ಸೊಪ್ಪು ಕಡ್ಡಿಗೆ ಕಟ್ಟಿ ಕಟ್ಟಿ ಬೆರಳು ಕಪ್ಪಾಗಿಸಿಕೊಂಡು ಚೀಟಿ ಕಟ್ಟಿದವರು ನೀವು. ಮಗನ ಆಟಕ್ಕೆ 65,000 ಆದರೂ ಸರಿ ಎನ್ನುವ ಮಾತು ಮನೆಯಲ್ಲಿ ಕೇಳಿಸುತ್ತದೆ, ಮಗಳ ಓದಿಗೆ ಮೊಬೈಲ್ ಸಾಕು ಎನ್ನುವುದೂ ಕೇಳಿಸುತ್ತದೆ. ನಿಮ್ಮ ಕಾಗದದಲ್ಲಿ ನನಗೆ ನೋವಾದದ್ದು ಅಲ್ಲಿ. ಮೊಬೈಲಿನಲ್ಲಿ ಟ್ಯಾಲಿ ಕಲಿಯಲು ಬರುವುದಿಲ್ಲ ಎಂದಷ್ಟು ಹೇಳಿ ಸುಮ್ಮನಾಗಿ. ಬಿಲ್ಲನ್ನು ಮಗಳ ಹೆಸರಿನಲ್ಲಿ ಬರೆಸಿ, ಸೀರಿಯಲ್ ನಂಬರ್ ಅದರಲ್ಲಿ ಇರಲಿ. ವಿಂಡೋಸಿನಲ್ಲಿ ಇಬ್ಬರಿಗೂ ಬೇರೆ ಬೇರೆ ಖಾತೆ ಮಾಡಿಕೊಡಲು ಬರುತ್ತದೆ, ಮಾಡಿಸಿ. ಪಾಸ್‌ವರ್ಡು ಅವಳದ್ದು ಅವಳ ಹತ್ತಿರವೇ ಇರಲಿ. ಅವಳ ಕೆಲಸ ಮುಗಿದ ಮೇಲೆ ತಮ್ಮನ ಸರದಿ, ಗಂಟೆ ನೀವೇ ಗೊತ್ತು ಮಾಡಿ.

ತಂದ ಮೇಲೆ ಏನು ಕೊಂಡಿರಿ, ಎಷ್ಟಾಯಿತು ಎಂದು ಒಂದು ಕಾರ್ಡು ಬರೆಯಿರಿ. ಪಿರಿಯಾಪಟ್ಟಣದ ಸೋದರಿ ಮಿಕ್ಸಿ ಜಾರಿನ ಬಗ್ಗೆ ಕೇಳಿದ್ದಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.