ಗುಜರಿಗೆ ಹಾಕುವ ಮೊದಲು ಒಂದು ವಿಡಿಯೊ ಹಾಕಿ ನೋಡಿ

ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ಕಚೇರಿ, ಶಾಲೆ, ಸಹಕಾರ ಸಂಘ ಎಲ್ಲಿ ಕೇಳಿದರೂ ಒಂದೇ ಮಾತು: ಈ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲ, ತೆಗೆದುಹಾಕಿ, ಹೊಸದು ತರಿಸಿ. ಈ ವಾರವೂ ಅದೇ ಮಾತು ಕಿವಿಗೆ ಬಿದ್ದು ರೇಗಿಹೋಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ, ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನ ಯಂತ್ರಗಳನ್ನು ವಿಂಡೋಸ್ 11 ಸಾಮಾನ್ಯವಾಗಿ ಒಪ್ಪುವುದಿಲ್ಲ ಎಂಬುದು ನಿಜ. ಹಾಗೆಂದು ಆ ಯಂತ್ರ ಕೆಟ್ಟಿದೆ ಎಂದು ಅರ್ಥವಲ್ಲ. ಸಿಟ್ಟು ಬರುವುದು ಹೊಸ ಸಾಮಾನಿನ ಪಟ್ಟಿ ನೋಡಿದಾಗ. ಅದರಲ್ಲಿ ಗೋಡೆಗೆ ಹಾಕುವ ‘ಡಿಜಿಟಲ್ ಡಿಸ್‌ಪ್ಲೇ’ ಕೂಡ ಇರುತ್ತದೆ. ಒಂದು ಬಾಗಿಲಿನಿಂದ ಕಂಪ್ಯೂಟರ್ ಹೊರಗೆ ಹೋಗುತ್ತದೆ, ಅದೇ ಬಾಗಿಲಿನಿಂದ ವಿಡಿಯೊ ತೋರಿಸುವ ಸಲಕರಣೆ ಒಳಗೆ ಬರುತ್ತದೆ. ಹೊರಗೆ ಹೋದದ್ದು ಒಳಗೆ ಬಂದದ್ದರ ಕೆಲಸ ಮಾಡಬಲ್ಲದೇ ಎಂದು ಯಾರೂ ಕೇಳುವುದಿಲ್ಲ. ಮಾಡಬಲ್ಲದು ಎಂಬುದೇ ನನ್ನ ವಾದ. ಹತ್ತು-ಹನ್ನೆರಡು ವರ್ಷದ ಕಂಪ್ಯೂಟರ್‌ಗೆ ಎಲ್ಲ ಕೆಲಸವನ್ನೂ ಹೊರಿಸುವುದು ಬಿಟ್ಟು, ತನ್ನೊಳಗೇ ಇಟ್ಟುಕೊಂಡ ವಿಡಿಯೊಗಳನ್ನು ತೋರಿಸುವ ಒಂದೇ ಕೆಲಸ ಕೊಟ್ಟರೆ ಅದು ಇನ್ನೂ ಕೆಲವು ವರ್ಷ ತಕರಾರಿಲ್ಲದೆ ದುಡಿಯುತ್ತದೆ.

ವಿಡಿಯೊ ಎಂದರೆ ಭಾರೀ ಕೆಲಸ, ಹಳೆಯ ಯಂತ್ರಕ್ಕೆ ಅದು ಆಗದು ಎಂಬ ನಂಬಿಕೆ ಬಲವಾಗಿದೆ. ಈ ನಂಬಿಕೆಗೆ ಕಾರಣ ಯೂಟ್ಯೂಬ್. 2012ರ ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ತೆರೆದರೆ ಚಿತ್ರ ತಡವರಿಸುತ್ತದೆ, ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ನೋಡಿದವರು ಯಂತ್ರದ ಕಥೆ ಮುಗಿಯಿತು ಎಂದು ತೀರ್ಮಾನಿಸುತ್ತಾರೆ. ನಿಜವಾಗಿ ಆಗುತ್ತಿರುವುದು ಬೇರೆ. ಪ್ರತಿ ವಿಡಿಯೊವನ್ನೂ ಕುಗ್ಗಿಸಿ ಇಟ್ಟಿರುತ್ತಾರೆ, ತೋರಿಸುವಾಗ ಅದನ್ನು ಬಿಡಿಸಬೇಕು. ಕುಗ್ಗಿಸುವ ವಿಧಾನಗಳು ಕಾಲಕಾಲಕ್ಕೆ ಬದಲಾಗಿವೆ: ಎಚ್.264 ಬಂದದ್ದು 2003ರಲ್ಲಿ, ಎಚ್‌ಇವಿಸಿ ಮತ್ತು ವಿಪಿ9 ಬಂದದ್ದು 2013ರಲ್ಲಿ, ಎವಿ1 ಬಂದದ್ದು 2018ರಲ್ಲಿ. ಬಿಡಿಸುವ ಕೆಲಸಕ್ಕೆಂದೇ ಪ್ರೊಸೆಸರ್ ಒಳಗೆ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ. 2011ರಲ್ಲಿ ಬಂದ ಇಂಟೆಲ್‌ನ ಸ್ಯಾಂಡಿ ಬ್ರಿಜ್ ಪ್ರೊಸೆಸರ್‌ಗಳಲ್ಲೇ ಎಚ್.264ಗೆ ಆ ಸೌಲಭ್ಯವಿದೆ. ಎಚ್‌ಇವಿಸಿಗೆ ಅದು ಬಂದದ್ದು 2015ರ 6ನೇ ತಲೆಮಾರಿನಲ್ಲಿ, ವಿಪಿ9ಗೆ ಅದರ ಮುಂದಿನ ತಲೆಮಾರಿನಲ್ಲಿ, ಎವಿ1ಗೆ 2020ರ 11ನೇ ತಲೆಮಾರಿನಲ್ಲಿ. ಯೂಟ್ಯೂಬ್ ಈಗ ಹೆಚ್ಚಾಗಿ ಕಳಿಸುವುದು ವಿಪಿ9 ಅಥವಾ ಎವಿ1. ಅದಕ್ಕೆ ಬೇಕಾದ ಸರ್ಕ್ಯೂಟ್ ಇಲ್ಲದ ಯಂತ್ರ ಇಡೀ ಪ್ರೊಸೆಸರನ್ನೇ ಆ ಕೆಲಸಕ್ಕೆ ಹಚ್ಚಬೇಕಾಗುತ್ತದೆ, ಮೇಲೆ ಬ್ರೌಸರ್‌ನ ಭಾರವೂ ಬೀಳುತ್ತದೆ. ಅದೇ ವಿಡಿಯೊ ಎಚ್.264 ರೂಪದಲ್ಲಿ, 720ಪಿ ಗಾತ್ರದಲ್ಲಿ, ಒಂದು ಎಂಪಿ4 ಫೈಲ್ ಆಗಿ ಹಾರ್ಡ್‌ಡಿಸ್ಕ್‌ನಲ್ಲಿದ್ದರೆ ಅದೇ ಯಂತ್ರ ಸರಾಗವಾಗಿ ತೋರಿಸುತ್ತದೆ. ನಮ್ಮದೇ ವಿಡಿಯೊಗಳನ್ನು ಹೀಗೆ ಬದಲಿಸಿಕೊಳ್ಳಲು ಹ್ಯಾಂಡ್‌ಬ್ರೇಕ್, ಎಫ್‌ಎಫ್‌ಎಂಪೆಗ್‌ನಂಥ ಉಚಿತ ಸಾಧನಗಳಿವೆ. ಯಾವುದಾದರೂ ಹೊಸ ಕಂಪ್ಯೂಟರ್‌ನಲ್ಲಿ ಒಮ್ಮೆ ಬದಲಿಸಿಕೊಂಡರೆ ಸಾಕು.

ಉಳಿದ ಕೆಲಸ ಸಣ್ಣದು, ಆದರೆ ಎಚ್ಚರದಿಂದ ಮಾಡಬೇಕು. ವಿಂಡೋಸ್ ತೆಗೆದು ಲುಬುಂಟು ಅಥವಾ ಡೆಬಿಯನ್‌ನಂಥ ಹಗುರ ಲಿನಕ್ಸ್ ಹಾಕಬೇಕು. ಯಂತ್ರ ಆನ್ ಆದ ಕೂಡಲೇ ವಿಎಲ್‌ಸಿ ಅಥವಾ ಎಂಪಿವಿಯಂಥ ವಿಡಿಯೊ ಪ್ಲೇಯರ್ ತಾನಾಗಿ ತೆರೆದು, ಒಂದು ಫೋಲ್ಡರ್‌ನ ವಿಡಿಯೊಗಳನ್ನು ಪೂರ್ತಿ ಪರದೆಯಲ್ಲಿ ಸುತ್ತಿ ಸುತ್ತಿ ತೋರಿಸುವಂತೆ ಮಾಡಬೇಕು. ಸ್ಕ್ರೀನ್‌ಸೇವರ್ ಮತ್ತು ನಿದ್ರೆಗೆ ಜಾರುವ ವ್ಯವಸ್ಥೆ ಎರಡನ್ನೂ ನಿಲ್ಲಿಸಬೇಕು. ಯಂತ್ರದ ಮೂಲ ಹೊಂದಾಣಿಕೆಗಳಿರುವ ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಯಂತ್ರ ತಾನೇ ಆನ್ ಆಗುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ, ಅದನ್ನು ಹಚ್ಚಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಅದರ ಮೇಲೆ ಸಿಆರ್2032 ಎಂದು ಬರೆದಿರುತ್ತದೆ. ಹಳೆಯ ಕಂಪ್ಯೂಟರ್‌ಗಳಲ್ಲಿ ಅದು ಸತ್ತಿರುವುದೇ ಹೆಚ್ಚು. ಸೆಲ್ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ಬಯೋಸ್ ಮಾಡಿಟ್ಟದ್ದನ್ನೆಲ್ಲ ಮರೆತು, ಎಫ್1 ಒತ್ತಿ ಎಂದು ಕಪ್ಪು ಪರದೆಯಲ್ಲಿ ಬರೆದು ನಿಂತುಬಿಡುತ್ತದೆ. ಕೀಬೋರ್ಡ್ ತೆಗೆದಿಟ್ಟಿದ್ದರೆ ಕೆಲವು ಯಂತ್ರಗಳು ಅದಕ್ಕೂ ನಿಲ್ಲುತ್ತವೆ, ಆ ತಪಾಸಣೆಯನ್ನೂ ಬಯೋಸ್‌ನಲ್ಲೇ ನಿಲ್ಲಿಸಬಹುದು. ಹತ್ತಾರು ರೂಪಾಯಿಯ ಸೆಲ್ ಬದಲಿಸಿದರೆ ಸರಿಹೋಗುವ ಯಂತ್ರವನ್ನು ‘ಬೂಟ್ ಆಗುತ್ತಿಲ್ಲ’ ಎಂದು ದಾಸ್ತಾನು ಪುಸ್ತಕದಿಂದ ತೆಗೆಯುವುದು ಬೇಜವಾಬ್ದಾರಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನು ಕಳಚಿ, ಅಡಾಪ್ಟರ್ ಮೇಲಷ್ಟೇ ನಡೆಸುವುದು ಕ್ಷೇಮ, ಏಕೆಂದರೆ ಸದಾ ಚಾರ್ಜ್‌ನಲ್ಲಿರುವ ಹಳೆಯ ಬ್ಯಾಟರಿ ಊದಿಕೊಳ್ಳಬಹುದು. ಲ್ಯಾಪ್‌ಟಾಪ್‌ನ ಉಳಿದ ಭಾಗ ಪೂರ್ತಿ ಕೆಟ್ಟಿದ್ದರೂ ಪರದೆ ಚೆನ್ನಾಗಿದ್ದರೆ, ಅದಕ್ಕೆ ಹೊಂದುವ ಕಂಟ್ರೋಲರ್ ಬೋರ್ಡ್ ಜೋಡಿಸಿ ಎಚ್‌ಡಿಎಂಐ ಮಾನಿಟರ್ ಮಾಡಿಕೊಳ್ಳಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇಂಥ ಬಿಡಿಭಾಗಗಳ ವ್ಯಾಪಾರವೇ ನಡೆಯುತ್ತದೆ.

ಇದರಿಂದ ಯಾರಿಗೆ ಪ್ರಯೋಜನ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸರದಿಗೆ ಕಾಯುವವರಿಗೆ ಲಸಿಕೆ, ಕ್ಷಯ, ತಾಯಂದಿರ ಆರೈಕೆಯ ಬಗ್ಗೆ ಕನ್ನಡದಲ್ಲೇ ತಿಳಿವಳಿಕೆ ಸಿಗುತ್ತದೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಒಂದು ಮೂಲೆಯಲ್ಲಿ, ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಬಂದಂಥ ಪಾಠಗಳನ್ನು ಮಕ್ಕಳಿಗೆ ತೋರಿಸಬಹುದು. ಜಿಲ್ಲಾ ವಸ್ತು ಸಂಗ್ರಹಾಲಯದಲ್ಲಿ ಒಂದು ಶಾಸನದ ಪಕ್ಕ ಅದನ್ನು ಓದುವ ಬಗೆಯನ್ನು ಐದು ನಿಮಿಷದಲ್ಲಿ ವಿವರಿಸಬಹುದು. ಇಲ್ಲೆಲ್ಲ ಬೇಕಾಗಿರುವುದು ಇಂಟರ್‌ನೆಟ್ ಅಲ್ಲ. ನಾನು ಈ ಅಂಕಣದಲ್ಲಿ ಪದೇ ಪದೇ ಹೇಳುವ ಮಾತನ್ನು ಇಲ್ಲಿಯೂ ಹೇಳಲೇಬೇಕು: ಸಾರ್ವಜನಿಕ ಸಂಸ್ಥೆಯೊಂದು ತೋರಿಸುವ ವಿಷಯ ಆ ಸಂಸ್ಥೆಯ ಕೈಯಲ್ಲೇ ಇರಬೇಕು. ನೆಟ್ ಮೂಲಕ ತೋರಿಸಿದರೆ ನಡುವೆ ಜಾಹೀರಾತು ನುಗ್ಗುತ್ತದೆ, ಒಂದು ವಿಡಿಯೊ ಮುಗಿದ ಮೇಲೆ ಮುಂದಿನದು ಯಾವುದೆಂದು ಬೇರೆ ಯಾರೋ ತೀರ್ಮಾನಿಸುತ್ತಾರೆ, ಸಂಪರ್ಕ ಕಡಿದ ದಿನ ಪರದೆ ಖಾಲಿಯಾಗುತ್ತದೆ. ಬಾಣಂತಿ ಆರೈಕೆಯ ಮಾತಿನ ನಡುವೆ ಸಾಲ ಕೊಡುವ ಆ್ಯಪ್‌ನ ಜಾಹೀರಾತು ಬರುವುದನ್ನು ಸರ್ಕಾರಿ ಆಸ್ಪತ್ರೆ ಯಾಕೆ ಸಹಿಸಬೇಕು? ಫೋಲ್ಡರ್‌ನಲ್ಲಿ ಇಟ್ಟ ಹತ್ತು ವಿಡಿಯೊಗಳಿಗೆ ಈ ಯಾವ ಕಾಟವೂ ಇಲ್ಲ. ನೆಟ್ ಇಲ್ಲದ ಹಳೆಯ ಯಂತ್ರ ಈ ಕೆಲಸಕ್ಕೆ ಹೆಚ್ಚು ಯೋಗ್ಯವಾಗುವುದು ಇದೇ ಕಾರಣಕ್ಕೆ.

ಆಕ್ಷೇಪಗಳಿವೆ, ಅವುಗಳಲ್ಲಿ ಮೊದಲನೆಯದು ವಿದ್ಯುತ್ ಖರ್ಚು. ಇದು ಹುರುಳಿಲ್ಲದ ಮಾತಲ್ಲ. ಹಳೆಯ ಡೆಸ್ಕ್‌ಟಾಪ್ ಮಾನಿಟರ್ ಬಿಟ್ಟು 50 ವ್ಯಾಟ್ ಎಳೆಯುತ್ತದೆ ಎನ್ನೋಣ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ನಡೆಸಿದರೆ 120 ಯೂನಿಟ್. ಅದೇ ಕೆಲಸವನ್ನು ರಾಸ್ಪ್‌ಬೆರಿ ಪೈನಂಥ ಪುಟ್ಟ ಸಾಧನ 5 ವ್ಯಾಟ್‌ನಲ್ಲಿ ಮಾಡಿದರೆ 12 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ವರ್ಷದ ವ್ಯತ್ಯಾಸ 756 ರೂಪಾಯಿ. ಹೊಸ ಸಾಧನದ ಬೆಲೆ ಈ ಉಳಿತಾಯದಿಂದ ಹುಟ್ಟಲು ವರ್ಷಗಳೇ ಬೇಕು. ಆದರೆ ಬಸ್ ನಿಲ್ದಾಣದಲ್ಲಿ ಹಗಲು ರಾತ್ರಿ ನಡೆಯಬೇಕಾದ ಪರದೆಗೆ ಲೆಕ್ಕ ತಿರುಗುತ್ತದೆ: ಅದೇ ಡೆಸ್ಕ್‌ಟಾಪ್ ವರ್ಷಕ್ಕೆ 438 ಯೂನಿಟ್ ನುಂಗುತ್ತದೆ, ಪುಟ್ಟ ಸಾಧನಕ್ಕೆ 44 ಯೂನಿಟ್ ಸಾಕು, ವ್ಯತ್ಯಾಸ ಸುಮಾರು 2,750 ರೂಪಾಯಿ. ಅಲ್ಲಿ ಹಳೆಯ ಡೆಸ್ಕ್‌ಟಾಪ್ ಬೇಡ, ಲ್ಯಾಪ್‌ಟಾಪ್ ಅಥವಾ ಹೊಸ ಸಾಧನವೇ ಸರಿ. ನೂರು ವ್ಯಾಟ್ ದಾಟುವ ಪೆಂಟಿಯಂ 4 ಕಾಲದ ಯಂತ್ರಗಳನ್ನು ನಾನೂ ಸಮರ್ಥಿಸುವುದಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಹಳೆಯ 32 ಬಿಟ್ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿದೆ, ಅವನ್ನು ಅಲ್ಲಿಗೆ ಬಿಡುವುದು ನ್ಯಾಯ. ಇನ್ನು ಪರಿಸರದ ಲೆಕ್ಕಕ್ಕೆ ಬಂದರೆ, ಲ್ಯಾಪ್‌ಟಾಪ್‌ನಂಥ ಯಂತ್ರ ತನ್ನ ಜೀವಮಾನದಲ್ಲಿ ಹೊರಸೂಸುವ ಇಂಗಾಲದ ಬಹುಪಾಲು ತಯಾರಿಕೆಯ ಹಂತದಲ್ಲೇ ಹೊರಬಿದ್ದಿರುತ್ತದೆ. ಆ ಪಾಲನ್ನು ಮತ್ತೆ ತೆರದಿರಲು ಇರುವ ದಾರಿ, ಇರುವ ಯಂತ್ರವನ್ನು ಹೆಚ್ಚು ಕಾಲ ದುಡಿಸಿಕೊಳ್ಳುವುದು.

ಎರಡನೆಯ ಆಕ್ಷೇಪ ಇನ್ನೂ ಚುರುಕಾದದ್ದು: ಈಗಿನ ಟಿವಿಗೆ ಪೆನ್‌ಡ್ರೈವ್ ಚುಚ್ಚಿದರೆ ಸಾಕಲ್ಲ, ಕಂಪ್ಯೂಟರ್ ಯಾಕೆ? ಟಿವಿ ಈಗಾಗಲೇ ಇದ್ದರೆ ಹಾಗೇ ಮಾಡಿ, ನನ್ನ ವಿರೋಧವಿಲ್ಲ. ಆದರೆ ಕರೆಂಟ್ ಹೋಗಿ ಬಂದರೆ ಅನೇಕ ಟಿವಿಗಳು ಮುಖಪುಟಕ್ಕೆ ಬಂದು ನಿಲ್ಲುತ್ತವೆ. ಯಾರಾದರೂ ರಿಮೋಟ್ ಹುಡುಕಿ ಮತ್ತೆ ಹಚ್ಚಬೇಕು, ಸಿಬ್ಬಂದಿಗೆ ಬಿಡುವಿಲ್ಲದ ಕಡೆ ಅದು ಎರಡನೇ ವಾರಕ್ಕೇ ನಿಂತುಹೋಗುತ್ತದೆ. ಕಂಪ್ಯೂಟರ್ ಯಾರ ಕೈಯೂ ತಾಗದೆ ತಾನೇ ಎದ್ದು ಮುಂದುವರಿಯುತ್ತದೆ. ದೊಡ್ಡ ಪರದೆ ಇರುವ ಕಡೆ ಹಳೆಯ ಕಂಪ್ಯೂಟರನ್ನು ಅದಕ್ಕೇ ಜೋಡಿಸಿದರಾಯಿತು. ನಲವತ್ತು ಮಕ್ಕಳ ತರಗತಿಗೆ 19 ಇಂಚಿನ ಮಾನಿಟರ್ ಸಾಲದು ಎಂಬುದನ್ನು ಒಪ್ಪುತ್ತೇನೆ, ಅಲ್ಲಿ ಪ್ರೊಜೆಕ್ಟರ್ ಬೇಕು. ಪ್ರೊಜೆಕ್ಟರ್‌ಗೆ ಚಿತ್ರ ಕಳಿಸುವ ಯಂತ್ರ ಹೊಸದೇ ಆಗಬೇಕಿಲ್ಲ. ಭದ್ರತೆಯ ಆಕ್ಷೇಪಕ್ಕೆ ಉತ್ತರ ಸರಳ: ನೆಟ್ ಇಲ್ಲ, ವಿಂಡೋಸ್ ಇಲ್ಲ, ಯಾರ ಖಾತೆಯ ವಿವರವೂ ಅದರಲ್ಲಿಲ್ಲ. ಬೆಂಬಲ ನಿಂತ ವಿಂಡೋಸ್ 10ರಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಅಪಾಯ. ಈ ಯಂತ್ರ ಆ ಕೆಲಸಕ್ಕೆ ಹೋಗುವುದೇ ಇಲ್ಲ.

ಮೂರನೆಯ ಆಕ್ಷೇಪವನ್ನು ನಾನು ಹೆಚ್ಚು ಗೌರವಿಸುತ್ತೇನೆ. ನಗರದ ಕಂಪನಿಗಳು ಬಳಸಿ ಬಿಟ್ಟದ್ದನ್ನು ಹಳ್ಳಿಯ ಸರ್ಕಾರಿ ಶಾಲೆಗೆ ದಾಟಿಸಿ ದಾನ ಎಂದು ಕರೆಯುವುದು ಅನ್ಯಾಯವಲ್ಲವೇ? ಮಕ್ಕಳು ಕಂಪ್ಯೂಟರ್ ಕಲಿಯಲಿ ಎಂದು ಅಂಥ ಯಂತ್ರ ಕೊಟ್ಟರೆ ಖಂಡಿತ ಅನ್ಯಾಯ. ಕಲಿಕೆಗೆ ಹೊಸ ಯಂತ್ರವೇ ಬೇಕು, ಅದನ್ನು ಕೊಡುವುದು ಸರ್ಕಾರದ ಹೊಣೆ. ನಾನು ಹೇಳುತ್ತಿರುವುದು ಯಾವುದೇ ಸಂಸ್ಥೆ ತನ್ನ ಬಳಿಯೇ ಇರುವ ಯಂತ್ರವನ್ನು ತಾನೇ ಬಳಸಿಕೊಳ್ಳುವ ಮಾತು. ಪರದೆಗೆಂದು ಇಟ್ಟ ಹಣ ಉಳಿದರೆ ಅದೇ ಹಣದಲ್ಲಿ ಮಕ್ಕಳ ಕಂಪ್ಯೂಟರ್ ಕೋಣೆಗೆ ಹೊಸ ಯಂತ್ರ ತರಬಹುದು. ಮಾಡಲು ಗೊತ್ತಿರುವವರು ಎಲ್ಲಿದ್ದಾರೆ ಎಂದು ಕೇಳುವವರು ಪಕ್ಕದ ಕೇರಳವನ್ನು ನೋಡಲಿ. ಅಲ್ಲಿನ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆಯುತ್ತಿವೆ, ಶಿಕ್ಷಕರೇ ಅದನ್ನು ನಿಭಾಯಿಸುತ್ತಿದ್ದಾರೆ. ನಮ್ಮ ಪಾಲಿಟೆಕ್ನಿಕ್ ಮತ್ತು ಐಟಿಐ ವಿದ್ಯಾರ್ಥಿಗಳಿಗೆ ಇದು ಒಂದು ಮಧ್ಯಾಹ್ನದ ಪ್ರಾಯೋಗಿಕ ತರಗತಿಯ ಕೆಲಸ.

ಜಗತ್ತಿನಲ್ಲಿ 2022ರಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ ಎಂದು ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಒಡೆದು ಕರಗಿಸುವವರ ಜತೆಗೆ, ದುರಸ್ತಿ ಮಾಡಿ ಮತ್ತೆ ಬಳಕೆಗೆ ತರುವವರನ್ನೂ ಗುರುತಿಸುತ್ತವೆ. ಕಾನೂನಿಗೆ ಇರುವ ತಿಳಿವಳಿಕೆ ಖರೀದಿ ಸಮಿತಿಗಳಿಗೆ ಬಂದಿಲ್ಲ. ಇಷ್ಟು ವರ್ಷವಾಯಿತು ಎಂಬ ಒಂದೇ ಕಾರಣಕ್ಕೆ ವಿಲೇವಾರಿ ಪಟ್ಟಿ ಸಿದ್ಧವಾಗುತ್ತದೆ, ಯಂತ್ರವನ್ನು ಆನ್ ಮಾಡಿ ನೋಡುವ ಕಾಲಂ ಆ ಪಟ್ಟಿಯಲ್ಲಿ ಇರುವುದಿಲ್ಲ. ಇನ್ನು ಮುಂದೆ ಪರದೆ ಕೊಳ್ಳಲು ಹಣ ಕೇಳುವ ಪ್ರತಿ ಕಡತದಲ್ಲೂ ಒಂದು ಪುಟ ಕಡ್ಡಾಯವಾಗಲಿ: ಇರುವ ಕಂಪ್ಯೂಟರ್‌ಗೆ ಸೆಲ್ ಬದಲಿಸಿ, ಲಿನಕ್ಸ್ ಹಾಕಿ, ಒಂದು ವಿಡಿಯೊ ನಡೆಸಿ ನೋಡಿದ್ದೇವೆ, ಆಗಲಿಲ್ಲ ಎಂದು ಅಧಿಕಾರಿ ಹೆಸರು ಬರೆದು ಸಹಿ ಹಾಕಲಿ. ಅಷ್ಟು ಬರೆದುಕೊಡಲು ಹಿಂಜರಿಯುವ ಅಧಿಕಾರಿಗೆ ಜನರ ದುಡ್ಡಿನಲ್ಲಿ ಹೊಸ ಪರದೆ ತರಿಸುವ ಯೋಗ್ಯತೆ ಇಲ್ಲ.