ಹಣ ಕಳುಹಿಸಬಹುದು, ಮೊಗ್ಗು ಕೊಯ್ಯುವವರು ಯಾರು?

ಮಲ್ಲಿಗೆ ಮೊಗ್ಗು ಯಾರಿಗೂ ಕಾಯುವುದಿಲ್ಲ. ಬಿಸಿಲೇರುವ ಮೊದಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಶಂಕರಪುರದ ಹೂವಿನ ಕಟ್ಟೆಗೆ ಮುಟ್ಟಿಸಿದರೆ ದುಡ್ಡು. ಗಿಡದಲ್ಲೇ ಉಳಿದದ್ದು ಸಂಜೆಗೆ ಅರಳುತ್ತದೆ, ಅರಳಿದ್ದನ್ನು ಕೇಳುವವರಿಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟುವವಳು ಜ್ವರ ಬಂದು ಮಲಗಿದರೆ ಅವತ್ತಿನ ಸಂಪಾದನೆ ಹೋದಂತೆಯೇ.

ಕಾಪು ಕಡೆಯ, ಮಲ್ಲಿಗೆ ಬೆಳೆಯುವ ಕ್ರೈಸ್ತ ಹೆಂಗಸು ನಾನು. ನೆರೆಯವರನ್ನು ಪ್ರೀತಿಸುವುದೆಂದರೇನು ಎಂದು ಯಾರಾದರೂ ಕೇಳಿದರೆ, ಏಳಲಾಗದವಳ ಗಿಡದ ಮೊಗ್ಗು ಕೊಯ್ದುಕೊಡುವುದು ಎನ್ನುತ್ತೇನೆ. ನನಗೆ ಆಪರೇಷನ್ ಆದಾಗ ನನ್ನ ಗಿಡಗಳಿಗೆ ಕೈ ಹಾಕಿದವರು ಪಕ್ಕದ ಬಿಲ್ಲವರ ಮನೆಯ ಅತ್ತೆ, ಸೊಸೆ. ಕಟ್ಟಲು ಕೂತದ್ದು ಆಚೆಮನೆಯ ಬ್ಯಾರಿ ಹೆಂಗಸು. ಆ ಹೂವಿನಲ್ಲಿ ಒಂದಿಷ್ಟು ಕಾಪುವಿನ ಮಾರಿಯಮ್ಮನ ಮುಡಿಗೂ ಏರಿರಬಹುದು. ದುಬೈಯಲ್ಲಿರುವ ಮಗ ಆಸ್ಪತ್ರೆಯ ಬಿಲ್ಲು ಕಟ್ಟಿದ. ಆದರೆ ಬೆಳಗಿನ ಆರು ಗಂಟೆಗೆ ಗಿಡದ ಬುಡದಲ್ಲಿ ನಿಲ್ಲಲು ದುಬೈಯಿಂದ ಆಗುವುದಿಲ್ಲವಲ್ಲ.

ನಮ್ಮ ಕರಾವಳಿಯಲ್ಲಿ ಈಗ ದಾನಕ್ಕೆ ಬರವಿಲ್ಲ. ಗಲ್ಫ್, ಮುಂಬಯಿ ದುಡಿಮೆಯಿಂದ ಇಗರ್ಜಿಗಳು ಹೊಸದಾಗಿವೆ, ಹಬ್ಬದ ಊಟಕ್ಕೂ ದಾನಿಗಳಿದ್ದಾರೆ. ಅವರ ಹೆಸರುಗಳನ್ನು ಮೈಕಿನಲ್ಲಿ ಓದುತ್ತೇವೆ, ಗೋಡೆಯ ಕಲ್ಲಿನಲ್ಲಿ ಕೆತ್ತುತ್ತೇವೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದೆಂದು ಯೇಸು ಕಲಿಸಿದ್ದನ್ನು ಅದೇ ಗೋಡೆಯೊಳಗೆ ಓದುತ್ತೇವೆ. ಬರ ಇರುವುದು ಸಮಯಕ್ಕೆ. ದೊಡ್ಡ ದೊಡ್ಡ ಮನೆಗಳಲ್ಲಿ ಒಬ್ಬೊಬ್ಬರೇ ಮುದುಕಿಯರು. ಮಕ್ಕಳು ವಿಡಿಯೋ ಕರೆಯಲ್ಲಿ.

ಮೊಗ್ಗು ಕೊಯ್ದುಕೊಡುವಂಥ ಚಿಲ್ಲರೆ ಉಪಕಾರದಿಂದ ಬಡತನ ಹೋದೀತೇ ಎಂದು ಕೇಳಬಹುದು. ಹೋಗುವುದಿಲ್ಲ. ಅದಕ್ಕೆ ಸರಕಾರ ಬೇಕು, ಸಂಸ್ಥೆಗಳೂ ಬೇಕು. ಸ್ವಿಸ್ ವೈದ್ಯೆ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಮಿಷನ್ ಆಸ್ಪತ್ರೆ ನೂರು ವರ್ಷ ದಾಟಿತು. ಆ ಹೆಸರು ಕೇಳಿದರೆ ನಮಗೆ ಹೆಮ್ಮೆ. ಆದರೆ ನಮ್ಮ ಆಸ್ಪತ್ರೆಗಳಿವೆ, ಶಾಲೆಗಳಿವೆ ಎಂಬ ಹೆಮ್ಮೆಯಲ್ಲಿ ನಮ್ಮ ಪಾಲಿನ ಕೆಲಸ ಮುಗಿಯಿತು ಎಂದು ಕೂರುವುದು ಸುಲಭ. ಆಟಿ ತಿಂಗಳ ಮಳೆಯಲ್ಲಿ ಕರೆಂಟು ಹೋದ ರಾತ್ರಿ ಪಕ್ಕದ ಮನೆಯ ಬಾಗಿಲು ಬಡಿದು "ಊಟ ಆಯ್ತಾ?" ಎಂದು ಯಾವ ಸಂಸ್ಥೆ ಕೇಳೀತು?

ಹಾಗೆ ಬಾಗಿಲು ಬಡಿಯುವ ರೀತಿ ನಮಗೆ ಹೊಸದೇನಲ್ಲ. ನಮ್ಮ ಚರ್ಚುಗಳಲ್ಲಿ ಕೆಲಸ ಮಾಡುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯನ್ನು 1833ರಲ್ಲಿ ಪ್ಯಾರಿಸಿನಲ್ಲಿ ಗೆಳೆಯರ ಜತೆ ಕಟ್ಟಿದ ಫ್ರೆಡರಿಕ್ ಒಝಾನಾಂ ಆಗ ಇಪ್ಪತ್ತರ ವಿದ್ಯಾರ್ಥಿ. ಬಡವರಿಗೆ ಹಣ ಹಂಚಿ ಸುಮ್ಮನಾಗದೆ ಅವರ ಮನೆಗೇ ಹೋಗಬೇಕು, ಕೂತು ಮಾತಾಡಬೇಕು ಎಂಬುದು ಅಂದಿನಿಂದಲೇ ಆ ಸಭೆಯ ರೀತಿ. ಮತ್ತಾಯನ ಸುವಾರ್ತೆಯ ಕೊನೆಯ ತೀರ್ಪಿನ ಪಟ್ಟಿಯಲ್ಲೂ ಅನ್ನ, ನೀರು, ಬಟ್ಟೆಯ ಜತೆಗೆ ರೋಗಿಯನ್ನು ನೋಡಹೋದೆಯಾ, ಸೆರೆಯಲ್ಲಿದ್ದವನ ಬಳಿ ಹೋದೆಯಾ ಎಂಬುದಿದೆ. ಈ ಭೇಟಿಗಳಿಗೆ ದುಡ್ಡು ಬೇಕಿಲ್ಲ, ಕಾಲು ಸವೆಯಬೇಕು.

ಅದಕ್ಕೇ ನನ್ನದೊಂದು ಸಲಹೆ. ನಮ್ಮ ಚರ್ಚಿನ ವಾಡೆಗಳ, ಅಂದರೆ ವಾರ್ಡುಗಳ, ಸಭೆಯಲ್ಲಿ ಮುಖಂಡರಾದ ಗುರ್ಕಾರರು ಲೆಕ್ಕ ಓದುವ ಮುಂಚೆ ಒಂದು ಪ್ರಶ್ನೆ ಕೇಳಲಿ: ಈ ತಿಂಗಳು ಯಾರ ಮನೆಗೆ ಯಾರೂ ಹೋಗಿಲ್ಲ? ಆ ಮನೆ ಕ್ರೈಸ್ತರದ್ದೇ ಆಗಬೇಕೆಂದಿಲ್ಲ. ನನ್ನ ಗಿಡದ ಮೊಗ್ಗು ಕೊಯ್ದವರು ನನ್ನ ಧರ್ಮ ಕೇಳಿರಲಿಲ್ಲ. ಹೋಗುವವರ ಹೆಸರು ಬರೆದುಕೊಳ್ಳುವುದು ಬೇಡ, ಫೋಟೋ ಬೇಡ. ಮುಂದಿನ ಸಭೆಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಸಾಕು.