ಪಾಲು ಮಾಡೋ ಮುಂಚೆ ಬಾವಿ ಯಾರದ್ದು ಅಂತ ಕೇಳಿ

ಹೋದ ಪೋಸ್ಟ್‌ಗೆ ಬಂದ ಕಾಮೆಂಟ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: “ವಿಂಡೋಸ್ ತೆಗೀದೇ ಲಿನಕ್ಸ್ ಹಾಕ್ಕೋಬಹುದಾ?” ಹಾಕ್ಕೋಬಹುದು. ನಮ್ಮ ಬಿಕಾಂನವರಿಗಂತೂ ಟ್ಯಾಲಿ ಬೇಕು ಅಂದ್ರೆ ವಿಂಡೋಸ್ ಬಿಡೋ ಹಾಗಿಲ್ಲ. ಆದ್ರೆ ಡಿಸ್ಕನ್ನ ಹೇಗೆ ಪಾಲು ಮಾಡ್ಬೇಕು ಅನ್ನೋದ್ರಲ್ಲಿ ನಂದೊಂದು ಹಟ ಇದೆ. ಅದು ಬಂದಿದ್ದು ಹೇಗೆ ಅಂತ ಮೊದಲು ಹೇಳ್ತೀನಿ.

ಫಸ್ಟ್ ಇಯರ್‌ನಲ್ಲಿ ಅಕ್ಕನ ಹಳೇ ಲ್ಯಾಪ್‌ಟಾಪ್ ನನ್ನ ಕೈಗೆ ಬಂತು. 500 ಜಿಬಿ ಹಾರ್ಡ್ ಡಿಸ್ಕ್, ಅದರಲ್ಲಿ ಸಿ ಡ್ರೈವ್, ಡಿ ಡ್ರೈವ್. ಲಿನಕ್ಸ್ ಹಾಕುವಾಗ “ಇರೇಸ್ ಡಿಸ್ಕ್” ಅಂತ ಒಂದು ಆಯ್ಕೆ ಬಂತು. ಸಿ ಮಾತ್ರ ಅಳಿಯುತ್ತೆ, ಡಿ ಹಾಗೇ ಇರುತ್ತೆ ಅಂದ್ಕೊಂಡೆ. ಡಿಸ್ಕ್ ಅಂದ್ರೆ ಇಡೀ ಡಿಸ್ಕು. ಡಿ ಡ್ರೈವ್‌ನಲ್ಲಿ ಅಕ್ಕನ ಕಾಲೇಜಿನ ಮೂರು ವರ್ಷದ ಫೋಟೋಗಳಿದ್ವು, ತಾತ ಮಾತಾಡ್ತಿರೋ ಒಂದೇ ಒಂದು ವಿಡಿಯೋನೂ ಅಲ್ಲೇ ಇತ್ತು. ರಿಕವರಿ ಸಾಫ್ಟ್‌ವೇರ್ ಓಡಿಸಿದ್ರೆ ಕೆಲವು ಫೋಟೋ ಹೆಸರಿಲ್ಲದೆ, ಅರ್ಧ ಬೂದು ಬಣ್ಣದಲ್ಲಿ ಸಿಕ್ವು. ವಿಡಿಯೋ ಸಿಗಲಿಲ್ಲ. ಅಕ್ಕ ಬೈದಿದ್ರೂ ಚೆನ್ನಾಗಿರ್ತಿತ್ತು. “ಹೋಗ್ಲಿ ಬಿಡು” ಅಂದ್ಲು ಅಷ್ಟೇ.

ಯೂಟ್ಯೂಬಲ್ಲಿ ಹೇಳಿಕೊಡೋರು ರೂಟ್‌ಗೆ ಒಂದು, ಹೋಮ್‌ಗೆ ಒಂದು, ಬೂಟ್‌ಗೆ ಒಂದು, ಸ್ವಾಪ್‌ಗೆ ಒಂದು ಅಂತ ಪಾರ್ಟಿಷನ್ ಹೆಚ್ಚಿಸ್ತಾನೇ ಹೋಗ್ತಾರೆ. ನಮ್ಮಂಥೋರಿಗೆ ಇದು ಬೇಡ ಅನ್ನೋದೇ ನನ್ನ ಅಭಿಪ್ರಾಯ. 256 ಅಥವಾ 512 ಜಿಬಿ ಎಸ್‌ಎಸ್‌ಡಿಯಲ್ಲಿ ಇಷ್ಟೊಂದು ಗೋಡೆ ಕಟ್ಟಿದ್ರೆ ರೂಟ್ ತುಂಬಿ ಅಪ್‌ಡೇಟ್ ನಿಂತಿರುತ್ತೆ, ಪಕ್ಕದ ಹೋಮ್ ಖಾಲಿ ಬಿದ್ದಿರುತ್ತೆ. ಸ್ವಾಪ್‌ಗೆ ಈಗ ಒಂದು ಫೈಲ್ ಸಾಕು.

ಊರಲ್ಲಿ ಅಣ್ಣ ತಮ್ಮ ಜಮೀನು ಪಾಲು ಮಾಡ್ಕೊಂಡ್ರೂ ಬಾವಿನ ಜಂಟಿಯಾಗೇ ಬಿಡ್ತಾರಲ್ಲ, ಡಿಸ್ಕ್‌ನಲ್ಲೂ ಹಾಗೇ ಮಾಡಿ. ವಿಂಡೋಸ್‌ಗೊಂದು ಪಾಲು, ಲಿನಕ್ಸ್‌ಗೊಂದು ಪಾಲು, ನಿಮ್ಮ ಫೈಲ್‌ಗಳಿಗೆ ಇಬ್ಬರೂ ಬಳಸೋ ಒಂದು ಪಾಲು. 512 ಜಿಬಿ ಡಿಸ್ಕು ವಿಂಡೋಸ್‌ನಲ್ಲಿ ಸುಮಾರು 476 ಅಂತ ತೋರಿಸುತ್ತೆ. ನಾನು ವಿಂಡೋಸ್‌ಗೆ 200, ಲಿನಕ್ಸ್‌ಗೆ 80 ಕೊಟ್ಟು, ಉಳಿದದ್ದನ್ನ ಜಂಟಿ ಮಾಡಿದೀನಿ. ಆ ಜಂಟಿ ಪಾಲು ಎನ್‌ಟಿಎಫ್‌ಎಸ್ ಆಗಿರಲಿ. ಲಿನಕ್ಸ್‌ಗೆ ಎನ್‌ಟಿಎಫ್‌ಎಸ್ ಓದೋಕೂ ಬರೆಯೋಕೂ ಬರುತ್ತೆ, ಆದ್ರೆ ಲಿನಕ್ಸ್‌ನ ಇಎಕ್ಸ್‌ಟಿ4 ಪಾಲನ್ನ ವಿಂಡೋಸ್ ತಾನಾಗೇ ಓದಲ್ಲ. ನೋಟ್ಸು, ಫೋಟೋ, ಟ್ಯಾಲಿ ಡೇಟಾ ಎಲ್ಲ ಅಲ್ಲೇ ಇಟ್ರೆ ನಾಳೆ ಲಿನಕ್ಸ್ ಕೆಟ್ಟು ಮತ್ತೆ ಹಾಕಿದ್ರೂ ಆ ಪಾಲನ್ನ ಮುಟ್ಟೋ ಅಗತ್ಯ ಬರಲ್ಲ.

ಪ್ರೋಗ್ರಾಮಿಂಗ್‌ನವರು ಹೋಮ್ ಬೇರೆ ಇರ್ಲೇಬೇಕು ಅಂತಾರೆ. ಅವರ ಸೆಟ್ಟಿಂಗ್‌ಗಳೆಲ್ಲ ಅಲ್ಲೇ ಇರೋದ್ರಿಂದ ಅವರಿಗೆ ಅದು ಸರಿ. ನಮಗೆ ಹೋದ್ರೆ ಹೊಟ್ಟೆ ಉರಿಯೋದು ಸೆಟ್ಟಿಂಗ್ ಅಲ್ಲ, ಫೈಲು.

ಜಾಗ ಬಿಡಿಸೋದನ್ನ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಿ. ಸಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಆಮೇಲೆ ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ರೆ ಶಟ್‌ಡೌನ್ ಮಾಡಿದಾಗ್ಲೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತೆ, ಲಿನಕ್ಸ್‌ನಲ್ಲಿ ಜಂಟಿ ಪಾಲಿಗೆ ಏನೂ ಬರೆಯೋಕೆ ಆಗದೇ ಇರಬಹುದು. ಬಿಟ್‌ಲಾಕರ್ ಆನ್ ಇದ್ರೆ 48 ಅಂಕಿಯ ರಿಕವರಿ ಕೀ ಮೊದಲೇ ಕಾಗದದಲ್ಲಿ ಬರ್ಕೊಳ್ಳಿ. ಲಿನಕ್ಸ್ ಹಾಕಿದ್ಮೇಲೆ ವಿಂಡೋಸ್ ಅದನ್ನ ಕೇಳಿದ್ರೆ ಹುಡುಕಾಡೋ ಪಾಡು ಬೇಡ. ಸುಮಾರು 100 ಎಂಬಿಯ ಇಎಫ್‌ಐ ಅನ್ನೋ ಪುಟ್ಟ ಪಾಲು ಕಂಡ್ರೆ “ಇದೇನು ವೇಸ್ಟ್” ಅಂತ ಅಳಿಸ್ಬೇಡಿ ಮಾರಾಯ್ರೇ, ವಿಂಡೋಸ್ ಶುರುವಾಗೋದೇ ಅಲ್ಲಿಂದ.

ಇಷ್ಟೆಲ್ಲ ಮಾಡಿದ್ರೂ ಮೂರು ಪಾಲೂ ಇರೋದು ಒಂದೇ ಡಿಸ್ಕ್‌ನಲ್ಲಿ. ಡಿಸ್ಕ್ ಸತ್ರೆ ಬಾವಿನೂ ಹೋಯ್ತು. ಅದಕ್ಕೇ ಫೈಲ್‌ಗಳ ಇನ್ನೊಂದು ಕಾಪಿ ಹೊರಗಿರ್ಲೇಬೇಕು.

ಶನಿವಾರ ಕ್ಲಾಸ್ ಮುಗಿದ್ಮೇಲೆ ಇಬ್ಬರ ಲ್ಯಾಪ್‌ಟಾಪ್‌ಗೆ ಹಾಕ್ತಿದೀನಿ. ಬೇಕಾದವರು ಬನ್ನಿ, ಪೆನ್‌ಡ್ರೈವ್ ನಾನು ತರ್ತೀನಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ನೀವು ತನ್ನಿ. ಅದು ಇಲ್ದೆ ಬಂದ್ರೆ ಟೀ ಕುಡ್ಕೊಂಡು ಹೋಗಿ, ನಿಮ್ಮ ಲ್ಯಾಪ್‌ಟಾಪ್ ಮಾತ್ರ ನಾನು ಮುಟ್ಟಲ್ಲ.